ಮೂರು ವಾರದ ಗಡ್ಡ

ಕಾರ್ಖಾನೆಗೆ ಹೊಸದಾಗಿ ಸೇರಿದವರು ಗಲ್ಲಣ್ಣ ಎಂಬ ಹೆಸರು ಕೇಳಿದ ಕೂಡಲೇ ಸಂಬಳ ಬಟವಾಡೆ ಮಾಡುವವನು ಇವನೇ ಇರಬೇಕು ಎಂದುಕೊಂಡು, ಒಂದು ವಾರ ಅವನಿಗೆ ವಿಶೇಷವಾಗಿ ನಮಸ್ಕಾರ ಹೊಡೆಯುತ್ತಿದ್ದರು. ಗಲ್ಲಾಪೆಟ್ಟಿಗೆಗೂ ಅವನಿಗೂ ಯಾವ ಸಂಬಂಧವೂ ಇಲ್ಲ, ಇರುವ ಸಂಬಂಧವೆಲ್ಲ ಅವನ ಮುಖದ ಬಲಗಲ್ಲಕ್ಕೆ ಮಾತ್ರ ಎಂದು ತಿಳಿದ ಮೇಲೆ ನಮಸ್ಕಾರ ಮಾಮೂಲಿ ಮಟ್ಟಕ್ಕೆ ಇಳಿಯುತ್ತಿತ್ತು.

ಕಾರ್ಖಾನೆ ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು. ಈ ತುದಿಗೆ ಬಿಸಿ ಅಚ್ಚುಗಳು, ಆ ತುದಿಗೆ ಪ್ಯಾಕಿಂಗ್ ಮೇಜು, ನಡುವೆ ಬೆಂದ ರಬ್ಬರಿನ ವಾಸನೆ. ಅಲ್ಲಿ ತಯಾರಾಗುತ್ತಿದ್ದುದು ಒಂದೇ ಒಂದು ವಸ್ತು: ಮುಷ್ಟಿಯೊಳಗೆ ಕೂರುವಂಥ ರಬ್ಬರ್ ಬುರುಡೆ. ಹೊಟ್ಟೆ ದುಂಡಗೆ, ಕತ್ತು ಗಿಡ್ಡಗೆ, ಕತ್ತಿನ ತುದಿಗೆ ಸ್ಪಂಜಿನ ಟೋಪಿ. ಒಳಗೆ ಸೋಪಿನ ನೀರನ್ನೋ, ಗೋಂದನ್ನೋ, ಮರಕ್ಕೆ ಹಚ್ಚುವ ಪಾಲಿಶನ್ನೋ ತುಂಬಿ ಹೊಟ್ಟೆ ಹಿಂಡಿದರೆ ಬೇಕಾದಷ್ಟು ಮಾತ್ರ ಸ್ಪಂಜಿಗೆ ಇಳಿಯುತ್ತದೆ. ಕೈಗೆ ಮೆತ್ತಿಕೊಳ್ಳದೆ ಒರೆಸಿಕೊಂಡು ಹೋಗಬಹುದು. "ನೀವೆಲ್ಲಿ ಕೆಲಸ ಮಾಡ್ತೀರಿ?" ಎಂದು ಯಾರಾದರೂ ಕೇಳಿದರೆ ಆ ಶೆಡ್ಡಿನವರು, "ಬುರುಡೆ ಬಿಡೋ ಕೆಲಸ" ಎನ್ನುತ್ತಿದ್ದರು. ಈ ಜೋಕು ಕಾರ್ಖಾನೆಯಷ್ಟೇ ಹಳೆಯದು. ನಗು ಬರುವುದು ನಿಂತು ಎಷ್ಟೋ ವರ್ಷಗಳಾಗಿದ್ದರೂ ಹೇಳುವುದನ್ನು ಮಾತ್ರ ಯಾರೂ ನಿಲ್ಲಿಸಿರಲಿಲ್ಲ.

ಬುರುಡೆಯನ್ನು ಎರಡು ಹೋಳಿನ ಅಚ್ಚಿನಲ್ಲಿ ಒತ್ತಿ ತೆಗೆಯುತ್ತಾರೆ. ಹೋಳುಗಳು ಕೂಡಿದ ಕಡೆ ನೆತ್ತಿಯಿಂದ ಕತ್ತಿನವರೆಗೆ ಸಣ್ಣ ಗೆರೆಯೊಂದು ಉಳಿಯುತ್ತದೆ. ಅದಕ್ಕೆ ಶೆಡ್ಡಿನ ಹೆಂಗಸರು ಬೈತಲೆ ಎಂದು ಹೆಸರಿಟ್ಟಿದ್ದರು. ತೂತು ಬೀಳುವುದಿದ್ದರೆ ಬೈತಲೆಯಲ್ಲೇ ಬೀಳಬೇಕು. ಅದೂ ಎಂಥ ತೂತು! ಸೂಜಿಯ ಮೊನೆ ಅದರ ಮುಂದೆ ಗುದ್ದಲಿ. ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೋ ನೋಡೋಣವೆಂದರೆ, ಅಷ್ಟು ಸಣ್ಣ ತೂತು ಗುಳ್ಳೆ ಬಿಡಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಒಳಗೆ ಹೊಕ್ಕ ನೀರು ಆರಲು ಮತ್ತೊಂದು ದಿನ. ಯಜಮಾನರು ಒಮ್ಮೆ ಎಲ್ಲಿಂದಲೋ ಮುಳ್ಳು ತಿರುಗುವ ಯಂತ್ರವೊಂದನ್ನು ತರಿಸಿದ್ದರು. ಮುಳ್ಳು ಯೋಚನೆ ಮಾಡಿ ತಿರುಗುವಷ್ಟರಲ್ಲಿ ಗಲ್ಲಣ್ಣ ಆರು ಬುರುಡೆ ಮುಗಿಸಿಬಿಟ್ಟ. ಆ ಯಂತ್ರಕ್ಕೆ ಈಗ ಕ್ಯಾಲೆಂಡರ್ ನೇತುಹಾಕುತ್ತಾರೆ.

ಗಲ್ಲಣ್ಣನ ವಿಧಾನ ಇಷ್ಟೇ. ಬಟ್ಟಲಿನ ನೀರಿನಲ್ಲಿ ಬಟ್ಟೆ ಅದ್ದಿ ಬಲಗಲ್ಲ ಒರೆಸಿಕೊಳ್ಳುವುದು. ಬುರುಡೆಯ ಬಾಯಿಗೆ ಹೆಬ್ಬೆರಳು ಒತ್ತಿ, ಹೊಟ್ಟೆ ಹಿಂಡಿ, ಬೈತಲೆಯನ್ನು ಒದ್ದೆ ಗಲ್ಲದ ಮುಂದೆ ಮೆಲ್ಲಗೆ ಹಾಯಿಸುವುದು. ಎಲ್ಲಾದರೂ ತೂತಿದ್ದರೆ ತಣ್ಣನೆಯ ಎಳೆಯೊಂದು ಗಲ್ಲಕ್ಕೆ ತಾಕುತ್ತಿತ್ತು. ತಾಕಿದ್ದು ಕಾಲ ಬಳಿಯ ಬುಟ್ಟಿಗೆ, ತಾಕದ್ದು ಬಲಗಡೆಯ ಟ್ರೇಗೆ. ನೂರಕ್ಕೆ ಐದಾರು ಬುಟ್ಟಿಗೆ ಬೀಳುತ್ತಿದ್ದವು. ಇಪ್ಪತ್ತಾರು ವರ್ಷ ಅವನು ಇದೇ ಕೆಲಸ ಮಾಡಿದ್ದ. ಅವನು ಪಾಸು ಮಾಡಿದ ಒಂದು ಬುರುಡೆಯೂ ಸೋರುತ್ತದೆಂದು ವಾಪಸು ಬಂದದ್ದಿಲ್ಲ. ಇದನ್ನು ಅವನು ಹೊರಗೆ ಎಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಆದರೆ ಹಾಸಿಗೆ ಬಿಟ್ಟು ಏಳುವಾಗ ಪ್ರತಿದಿನ ಒಂದು ಸಲ ನೆನೆಸಿಕೊಳ್ಳುತ್ತಿದ್ದ.

ಈ ವಿದ್ಯೆ ಅವನಿಗೆ ಬಂದದ್ದು ಹೆಂಡತಿಯಿಂದ. ಅವನು ಮೊದಲು ಅಚ್ಚಿನ ಬಳಿ ಬೆವರು ಸುರಿಸುತ್ತಿದ್ದ ಆಳು. ಅವಳು ಅದೇ ಶೆಡ್ಡಿನಲ್ಲಿ ಅದೇ ಮೇಜಿನ ಮುಂದೆ ಒಂಬತ್ತು ವರ್ಷ ಕೂತಿದ್ದ ಪರೀಕ್ಷಕಿ. ಅವನು ಒತ್ತಿದ್ದನ್ನು ಅವಳು ಬುಟ್ಟಿಗೆ ಎಸೆಯುವುದು, ಅವನು ಎದ್ದು ಬಂದು ಜಗಳ ಆಡುವುದು, ಅವಳು ಮಾತಾಡದೆ ಬುರುಡೆಯನ್ನು ಅವನ ಕೆನ್ನೆಯ ಮುಂದೆ ಹಿಂಡಿ ತೋರಿಸುವುದು – ಹೀಗೆ ನಡೆದು ನಡೆದು ಮದುವೆಯಾಯಿತು. ಮಗಳು ಹುಟ್ಟಿದಾಗ ಅವಳು ಮೇಜು ಬಿಟ್ಟಳು. ಯಜಮಾನರು ಬೇರೆ ಯಾರನ್ನು ಕೂರಿಸುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, "ಇವರನ್ನೇ ಕೂರಿಸಿ ಸಾರ್. ನನ್ನ ಹತ್ರ ಫೇಲಾಗಿ ಫೇಲಾಗಿ ಎಲ್ಲಾ ಕಲ್ತಿದ್ದಾರೆ" ಎಂದವಳು ಅವಳೇ.

ಒಂದು ಷರತ್ತು ಮಾತ್ರ ಹಾಕಿದ್ದಳು. "ನನ್ನ ಕೆನ್ನೆ ಹೆಂಗಸಿನ ಕೆನ್ನೆ, ಹಾಗೇ ನಡೀತು. ನಿಮ್ಮದು ಹಾಗಲ್ಲ ರೀ. ದಿನಾ ಶೇವ್ ಆಗ್ಲೇಬೇಕು. ಒಂದು ದಿನ ತಪ್ಪಿದ್ರೂ ಅದು ಕೆನ್ನೆಯಲ್ಲ, ಕಾಲೊರಸು."

ಇಪ್ಪತ್ತಾರು ವರ್ಷ ಬೆಳಿಗ್ಗೆ ಅವನು ಬಚ್ಚಲಿನಿಂದ ಹೊರಗೆ ಬಂದ ಕೂಡಲೇ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. ಶಾಲೆಯಲ್ಲಿ ಪ್ರಾರ್ಥನೆಗೆ ಸಾಲು ನಿಂತವರ ಉಗುರು ನೋಡುವ ಸಿಸ್ಟರಂತೆ ಮುಖ ಬಿಗಿ ಮಾಡಿಕೊಂಡು, ಕೈಯ ಹಿಂಬದಿಯನ್ನು ಅವನ ಬಲಗಲ್ಲದ ಮೇಲೆ ಕಿವಿಯ ಹತ್ತಿರದಿಂದ ಗದ್ದದವರೆಗೆ ಹಾಯಿಸುತ್ತಿದ್ದಳು.

"ಪಾಸು. ಹೊರಡಿ."

ಇಲ್ಲದಿದ್ದರೆ, "ಫೇಲು. ದವಡೆ ಕೆಳಗೆ ಉಳ್ಕೊಂಡಿದೆ. ಇನ್ನೊಂದ್ಸಲ."

"ಇವಳೇ, ಬಸ್ಸು ಹೋಗುತ್ತೆ ಕಣೇ."

"ಹೋಗ್ಲಿ. ಬಸ್ಸಿಗೆ ಗಡ್ಡ ಇಲ್ಲ, ನಿಮಗಿದೆ."

ಮೊದಮೊದಲು ಹಾಗೆ ಮುಟ್ಟುವಾಗ ಇಬ್ಬರಿಗೂ ನಾಚಿಕೆ. ಆಮೇಲೆ ಅದು ಬಾಗಿಲಿಗೆ ಬೀಗ ಹಾಕುವಂಥ ಕೆಲಸವಾಯಿತು. ಜಗಳವಾಗಿ ಎರಡು ದಿನ ಮಾತು ಬಿಟ್ಟಿದ್ದರೂ ಕೈ ಬರುತ್ತಿತ್ತು. ಪಾಸು ಎಂಬ ಒಂದು ಮಾತು ಜಗಳದ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ಅವಳು ಹೋದದ್ದು ಹನ್ನೊಂದು ದಿನದ ಜ್ವರದಲ್ಲಿ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳಿಗೆ ಗುರುತು ಸಿಗುತ್ತಿರಲಿಲ್ಲ. ಅವಳು ಹೋದ ನಾಲ್ಕನೆಯ ದಿನಕ್ಕೆ ಗಲ್ಲಣ್ಣ ಕಾರ್ಖಾನೆಗೆ ಬಂದ. ಮನೆಯಲ್ಲಿ ಕೂತರೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು, ಅದಕ್ಕೆ.

ಗಡ್ಡ ಬಿಟ್ಟ. ಬಿಟ್ಟ ಎನ್ನುವುದೂ ದೊಡ್ಡ ಮಾತು. ವ್ರತವಲ್ಲ, ಶಪಥವಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಮುಖ ತೊಳೆದು ಬರುತ್ತಿದ್ದ. ರೇಜರಿನ ಕಡೆ ಕೈ ಹೋಗುತ್ತಿರಲಿಲ್ಲ, ಅಷ್ಟೇ. ಶೆಡ್ಡಿನಲ್ಲಿ ಎಲ್ಲರೂ ನೋಡಿದರು. ಅಚ್ಚಿನವನು ನೋಡಿದ. ಪ್ಯಾಕಿಂಗ್ ಅಕ್ಕ ನೋಡಿದಳು. ಐವತ್ತು ದಾಟಿದ, ಯಾರ ಮುಲಾಜಿಗೂ ಬಗ್ಗದ, ಗಲ್ಲಣ್ಣನ ಹೆಂಡತಿಯ ಜತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದ್ದ ಹೆಂಗಸು ಅವಳು. ಯಜಮಾನರೂ ನೋಡಿದರು. ಹೆಂಡತಿ ಸತ್ತವನ ಹತ್ತಿರ ಹೋಗಿ ಗಡ್ಡ ಕೆರೆದುಕೋ ಎನ್ನುವುದು ಯಾರಿಂದ ಸಾಧ್ಯ? ಎಲ್ಲರೂ ಒಳ್ಳೆಯವರಾಗಿದ್ದರು. ಒಳ್ಳೆಯತನದಿಂದ ಬಾಯಿ ಮುಚ್ಚಿಕೊಂಡಿದ್ದರು.

ಗಲ್ಲಣ್ಣ ಎಂದಿನಂತೆ ಕೂತ. ಬಟ್ಟೆ ಅದ್ದಿ ಗಡ್ಡ ಒರೆಸಿಕೊಂಡ, ಬುರುಡೆ ಹಿಂಡಿದ, ಹಾಯಿಸಿದ, ಬಲಗಡೆಯ ಟ್ರೇಗೆ ಇಟ್ಟ. ಕೈಗೆ ಕೆಲಸ ಗೊತ್ತಿತ್ತು. ಮನಸ್ಸಿನ ಅಪ್ಪಣೆ ಬೇಕಿರಲಿಲ್ಲ. ಮೊದಲ ವಾರ ಬುಟ್ಟಿಗೆ ದಿನಕ್ಕೆ ಎರಡು ಬಿದ್ದವು. ಎರಡನೆಯ ವಾರ ಒಂದು. ಮೂರನೆಯ ವಾರ ಬುಟ್ಟಿಯಲ್ಲಿ ಯಾರೋ ತಮ್ಮ ಕೊಡೆ ಇಟ್ಟುಹೋಗಿದ್ದರು, ಹೇಗೂ ಖಾಲಿ ಇದೆಯಲ್ಲ ಎಂದು.

ಯಜಮಾನರು ಅಚ್ಚಿನವನ ಬೆನ್ನು ತಟ್ಟಿದರು. "ನೋಡಪ್ಪ, ಮನಸ್ಸಿಟ್ಟು ಮಾಡಿದ್ರೆ ಒಂದೂ ಕೆಡಲ್ಲ." ಅಚ್ಚಿನವನು ಮನಸ್ಸು ಎಲ್ಲಿಟ್ಟಿದ್ದೆ ಎಂದು ತಾನೇ ಹುಡುಕಾಡಿದ. ಆದರೆ ಹೊಗಳಿಕೆಯನ್ನು ವಾಪಸು ಕಳಿಸುವಷ್ಟು ದೊಡ್ಡ ಮನುಷ್ಯ ಅವನಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ಯಜಮಾನರು ಹೊಸ ಗಿರಾಕಿಯೊಬ್ಬರನ್ನು ಹಿಡಿದಿದ್ದರು. ಬಚ್ಚಲಿನ ಕಲ್ಲು, ಟೈಲ್ಸುಗಳ ಕಲೆ ತೆಗೆಯುವ ಆಸಿಡ್ ನೀರು ಮಾಡುವ ಸಾಹುಕಾರರು. ಇಷ್ಟು ವರ್ಷ ಬುರುಡೆಯೊಳಗೆ ಹೋಗುತ್ತಿದ್ದದ್ದು ಸೋಪು, ಗೋಂದು. ಸೋರಿದರೆ ಕೈ ಅಂಟಾಗುತ್ತಿತ್ತು, ಬೈದುಕೊಂಡು ತೊಳೆಯುತ್ತಿದ್ದರು. ಈಗಿನ ಮಾಲೆಲ್ಲ ಈ ಸಾಹುಕಾರರಿಗೇ, ಒಳಗೆ ಹೋಗುವುದು ಬೇರೆ.

ಇಪ್ಪತ್ತಮೂರನೆಯ ದಿನ ಭಾನುವಾರ. ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ತನ್ನ ಮೂರು ವರ್ಷದ ಕೂಸನ್ನು ಕರೆದುಕೊಂಡು ಬಂದಳು. ಮೊಮ್ಮಗಳು ಓಡಿ ಬಂದು ತಾತನ ಕೊರಳಿಗೆ ಜೋತುಬಿದ್ದು, ಕೆನ್ನೆಗೆ ಕೆನ್ನೆ ಒತ್ತಿ, ಕಿಟಾರನೆ ಕಿರುಚಿ ಕೆಳಗಿಳಿದುಬಿಟ್ಟಳು.

"ತಾತ ಚುಚ್ತಾನೆ!"

"ತಾತ ಅಲ್ಲಮ್ಮ, ತಾತನ ಗಡ್ಡ" ಎಂದಳು ಮಗಳು. ಆಮೇಲೆ ತಂದೆಯ ಮುಖ ನೋಡದೆ, "ಅಪ್ಪಾ, ಸಾಕು. ಅಮ್ಮ ಇದ್ದಿದ್ರೆ ಬಾಗಿಲಿಂದ ಆಚೆ ಬಿಡ್ತಿರ್ಲಿಲ್ಲ" ಎಂದಳು.

ಮೂರು ವಾರದಲ್ಲಿ ಆ ಮಾತು ಹೇಳಿದವಳು ಅವಳೊಬ್ಬಳೇ. ಗಲ್ಲಣ್ಣ ಬಚ್ಚಲಿಗೆ ಹೋಗಿ ನಿಧಾನವಾಗಿ, ಮೂರು ಸಲ ಬ್ಲೇಡು ಬದಲಾಯಿಸಿ, ಗಡ್ಡ ತೆಗೆದ. ಹೊರಗೆ ಬಂದು ಅಡುಗೆಮನೆಯ ಬಾಗಿಲ ಹತ್ತಿರ ಒಂದು ಗಳಿಗೆ ನಿಂತ. ಆಮೇಲೆ ಮೊಮ್ಮಗಳ ಮುಂದೆ ಮಂಡಿಯೂರಿ ಕೆನ್ನೆ ಕೊಟ್ಟ. ಕೂಸು ಒಂದೇ ಬೆರಳಿನಿಂದ ಮುಟ್ಟಿ ನೋಡಿ ಅನುಮತಿ ಕೊಟ್ಟಿತು.

ಸೋಮವಾರ ಬೆಳಿಗ್ಗೆ ಮೊದಲ ಟ್ರೇಯಲ್ಲಿ ಇಪ್ಪತ್ತು ಬುರುಡೆ. ಮೂರನೆಯದು ಗಲ್ಲಕ್ಕೆ ತಾಕಿತು. ತಣ್ಣಗೆ, ಚೂಪಾಗಿ. ಗಲ್ಲಣ್ಣ ಬುಟ್ಟಿಯಿಂದ ಕೊಡೆ ತೆಗೆದು ಗೋಡೆಗೆ ಒರಗಿಸಿ, ಬುರುಡೆಯನ್ನು ಅದಕ್ಕೆ ಹಾಕಿದ. ಒಂಬತ್ತನೆಯದೂ ತಾಕಿತು.

"ಏನಪ್ಪ, ಭಾನುವಾರ ಕಳೆದು ಬಂದ್ರೆ ಕೈ ಮರೆತುಹೋಯ್ತಾ?" ಎಂದು ಅಚ್ಚಿನವನ ಕಡೆ ಕೂಗಿದ.

"ನಾನೇನು ಮಾಡ್ದೆ? ಅದೇ ಅಚ್ಚು, ಅದೇ ಕೈ" ಎಂದ ಅಚ್ಚಿನವನು.

ಅದೇ ಅಚ್ಚು, ಅದೇ ಕೈ. ಗಲ್ಲಣ್ಣನ ಬೆರಳು ಬುರುಡೆಯ ಮೇಲೆ ಹಾಗೆಯೇ ನಿಂತಿತು. ಅವನು ಎದ್ದು ಪ್ಯಾಕಿಂಗ್ ಮೇಜಿಗೆ ಹೋದ. ಶನಿವಾರ ತಾನು ಪಾಸು ಮಾಡಿದ ಟ್ರೇ ಅಲ್ಲಿತ್ತು. ಒಂದು ಬುರುಡೆ ಎತ್ತಿ, ಬಾಯಿ ಮುಚ್ಚಿ, ಹಿಂಡಿ ಗಲ್ಲದ ಮುಂದೆ ಹಾಯಿಸಿದ. ಇಲ್ಲ. ಇನ್ನೊಂದು. ಇಲ್ಲ. ಹನ್ನೊಂದನೆಯದರಲ್ಲಿ ತಣ್ಣನೆಯ ಎಳೆ ತಾಕಿತು. ಹದಿನಾರನೆಯದರಲ್ಲಿ ಮತ್ತೆ.

ಕೈ ತಾನಾಗಿ ಗಲ್ಲಕ್ಕೆ ಹೋಯಿತು. ನುಣುಪಾಗಿತ್ತು.

ಪ್ಯಾಕಿಂಗ್ ಅಕ್ಕ ದಾರ ಕಟ್ಟುತ್ತಿದ್ದದ್ದನ್ನು ನಿಲ್ಲಿಸಿ ನೋಡುತ್ತಿದ್ದಳು. ಅವಳಿಗೆ ಅವನಿಗಿಂತ ಅರ್ಧ ಗಳಿಗೆ ಮೊದಲೇ ಅರ್ಥವಾಗಿರಬೇಕು. ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

"ಗಡ್ಡ" ಎಂದ ಗಲ್ಲಣ್ಣ.

"ನಾನು ದಿನಾ ನೋಡ್ದೆ ಗಲ್ಲಣ್ಣ. ಹೇಳ್ಬೇಕು ಅನ್ನಿಸ್ತು. ನಿಮ್ಮ ಮುಖ ನೋಡಿದ್ರೆ ನಾಲಿಗೆ ಏಳ್ತಿರ್ಲಿಲ್ಲ."

"ನೀವ್ಯಾಕೆ ಹೇಳ್ಬೇಕು. ಗಲ್ಲ ನನ್ನದು."

ಯಜಮಾನರು ಮೆದುವಾಗಿ ಮಾತಾಡುವ ಮನುಷ್ಯ. ಕೆಟ್ಟ ಸುದ್ದಿಗೂ ಒಳ್ಳೆಯ ಸುದ್ದಿಗೂ ಒಂದೇ ದನಿ. ಗಲ್ಲಣ್ಣ ನಿಂತುಕೊಂಡೇ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಯಾರಾದ್ರೂ ದೂರು ಕೊಟ್ಟಿದ್ದಾರಾ?"

"ಇನ್ನೂ ಇಲ್ಲ ಸಾರ್."

"ಮತ್ತೆ ನಾವೇ ಯಾಕೆ ಹೋಗಿ ಕೆದಕೋದು? ದೂರು ಬರ್ಲಿ, ನೋಡೋಣ."

"ದೂರು ಬರೋ ಹೊತ್ತಿಗೆ ಯಾರದೋ ಕಣ್ಣು ಹೋಗಿರುತ್ತೆ ಸಾರ್. ಒಳಗಿರೋದು ಸೋಪಲ್ಲ."

ಯಜಮಾನರು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಗಲ್ಲಣ್ಣ ಅವರ ಮುಂದೆ ಒಂದು ವಾಕ್ಯಕ್ಕೆ ಎದುರು ವಾಕ್ಯ ಹೇಳಿದ್ದು ಇದೇ ಮೊದಲು. ಅವರು ಫೋನು ಎತ್ತಿದರು. ಆಸಿಡ್ ಸಾಹುಕಾರರ ಗೋದಾಮಿನಲ್ಲಿ ಮೂರು ವಾರದ ಮಾಲೆಲ್ಲ ಖಾಲಿಯಾಗೇ ಬಿದ್ದಿತ್ತು. ತುಂಬಿಸುವ ಕೆಲಸ ಮುಂದಿನ ವಾರಕ್ಕೆ. ಗಲ್ಲಣ್ಣನ ಉಸಿರು ಅರ್ಧ ಇಳಿಯಿತು. ಉಳಿದರ್ಧ ಮೇಲೆಯೇ ನಿಂತಿತು, ಏಕೆಂದರೆ ಯಜಮಾನರು ಇನ್ನೂ ಕೇಳಿಸಿಕೊಳ್ಳುತ್ತಿದ್ದರು. "ಎರಡು ಡಜನ್ ಮಾತ್ರ ಮಾದರಿಗೆ ಅಂತ ತುಂಬಿಸಿ, ಹನ್ನೆರಡು ದಿನದ ಹಿಂದೆ ಒಂದು ಅಂಗಡಿಗೆ ಕೊಟ್ಟಿದ್ದಾರಂತೆ" ಎಂದು ಫೋನು ಇಟ್ಟರು. "ಹೋಗಿ ಬನ್ನಿ."

ಅಂಗಡಿ ಮಾರುಕಟ್ಟೆಯ ಬೀದಿಯಲ್ಲಿತ್ತು. ಪೊರಕೆ, ಬಕೆಟ್ಟು, ಹಗ್ಗ, ಇಲಿಬೋನು. ಅಂಗಡಿಯವನು ಸ್ಟೂಲಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಗಲ್ಲಣ್ಣ ಹೇಳಿದ್ದನ್ನು ಪೂರ್ತಿ ಕೇಳಿ, ಹದಿಮೂರು ಬುರುಡೆಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟ.

"ನೀವು ಟೆಸ್ಟ್ ಮಾಡೋದು ಹೇಗೆ?"

"ಗಲ್ಲದ ಹತ್ರ ಹಿಡಿದು ಹಿಂಡ್ತೀನಿ."

"ಅಯ್ಯೋ ಮಾರಾಯ್ರೇ, ಬುರುಡೆಗೆ ಮುದ್ದು ಮಾಡೋ ಕೆಲಸಕ್ಕೂ ಸಂಬಳ ಕೊಡ್ತಾರಾ?" ಎಂದು ನಕ್ಕ. ಗಲ್ಲಣ್ಣ ನಗಲಿಲ್ಲ. ಅಂಗಡಿಯವನು ಅವನ ಮುಖ ನೋಡಿ ನಗುವನ್ನು ಪತ್ರಿಕೆಯ ಜತೆ ಮಡಿಸಿಟ್ಟ. "ಇವು ತುಂಬಿದವು. ಇಲ್ಲಿ ಹಿಂಡ್ಬೇಡಿ ಮತ್ತೆ. ಹಾಗೇ ತಗೊಂಡ್ಹೋಗಿ. ಹತ್ತು ವಿದ್ಯಾರ್ಥಿನಿಲಯಕ್ಕೆ ಹೋಗಿವೆ. ಇನ್ನೊಂದು ಬೀಗದವರ ಮನೆಗೆ."

"ಯಾರ ಬೀಗರು?"

"ಬೀಗರಲ್ಲ ಸ್ವಾಮಿ, ಬೀಗ. ಬೀಗ ರಿಪೇರಿ ಮಾಡ್ತಾನಲ್ಲ, ಅವನ ತಾಯಿ. ಹಿಂದಿನ ಬೀದಿ, ಹಸಿರು ಬಾಗಿಲು."

ವಿದ್ಯಾರ್ಥಿನಿಲಯ ಹತ್ತಿರದಲ್ಲೇ ಇತ್ತು. ಹತ್ತೂ ಬುರುಡೆ ಉಗ್ರಾಣದ ಕಪಾಟಿನಲ್ಲಿ, ಕಟ್ಟಿದ ದಾರ ಬಿಚ್ಚದೆ ಕೂತಿದ್ದವು. ಕೆಲಸ ತಪ್ಪಿಸಿಕೊಳ್ಳುವವರನ್ನು ಗಲ್ಲಣ್ಣ ಜೀವಮಾನದಲ್ಲೇ ಮೊದಲ ಸಲ ಮನಸಾರೆ ಹರಸಿದ. ಹದಿಮೂರು, ಹತ್ತು. ಇನ್ನೊಂದು.

ಹಸಿರು ಬಾಗಿಲು ತೆರೆದವಳು ಎಪ್ಪತ್ತರ ಆಚೀಚಿನ ಮುದುಕಿ. ಸಣ್ಣ ಆಳು, ಚುರುಕು ಕಣ್ಣು. ಕಣ್ಣು ಎರಡೂ ಇದ್ದವು. ಗಲ್ಲಣ್ಣ ಮೊದಲು ನೋಡಿದ್ದೇ ಅದನ್ನು. ಆಮೇಲೆ ನೋಡಿದ್ದು ಬಲಗೈ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ. ಅದಾದ ಮೇಲೆ, ಎಡಹುಬ್ಬಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ, ಕಂದು ಬಣ್ಣದ ಒಣಗಿದ ಗಾಯ.

"ಬೀಗ ತೆಗೀಬೇಕಾ? ಮಗ ಅಂಗಡೀಲಿದ್ದಾನಪ್ಪ."

"ನಾನು ಬೀಗಕ್ಕೆ ಬಂದಿಲ್ಲಮ್ಮ. ರಬ್ಬರ್ ಬುರುಡೆಗೆ ಬಂದಿದ್ದೀನಿ. ಕಲೆ ತೆಗೆಯೋದು. ಅದನ್ನ ಮಾಡೋ ಕಾರ್ಖಾನೆಯವನು."

ಮುದುಕಿಯ ಮುಖದಲ್ಲಿ ಸಿಕ್ಕಿಬಿದ್ದವರ ಗಾಬರಿ. ಬಾಗಿಲ ಆಚೆಗೆ ತಲೆ ಹಾಕಿ ಬೀದಿಯ ಎರಡೂ ಕಡೆ ನೋಡಿ, "ಒಳಗೆ ಬಾ" ಎಂದಳು. ಬಚ್ಚಲಿನಿಂದ ಬುರುಡೆ ತಂದಳು. ಅದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ, ಮೇಲೆ ಹಳೆಯ ಬಟ್ಟೆ ಸುತ್ತಿ, ದಾರದಿಂದ ಬಿಗಿದಿತ್ತು.

"ಮೊದಲನೇ ದಿನವೇ ಹೆಬ್ಬೆರಳು ಉರೀತು. ನಾನೇ ಸರಿಯಾಗಿ ಹಿಡಿದಿಲ್ಲ ಅಂದ್ಕೊಂಡೆ. ವಯಸ್ಸಾಯ್ತಲ್ಲ, ಕೈ ನಿಲ್ಲಲ್ಲ. ಆಮೇಲೆ ಮೇಲ್ಗಡೆ ಗೋಡೆ ಉಜ್ಜೋವಾಗ ಇಲ್ಲಿಗೆ ಸಿಡೀತು" ಎಂದು ಹುಬ್ಬು ಮುಟ್ಟಿದಳು. "ಮಗನಿಗೆ ಹೇಳಿಲ್ಲ. ಬಾಗಿಲು ತಾಗ್ತು ಅಂದೆ. ಹೇಳಿದ್ರೆ, ಅಮ್ಮ ನೀನಿನ್ನು ಏನೂ ಮುಟ್ಬೇಡ, ಸುಮ್ನೆ ಕೂತ್ಕೋ ಅಂತಾನೆ. ಈಗ ಹತ್ತು ದಿನದಿಂದ ನನಗೇ ಹೆದರಿಕೆ. ಬಿಸಿನೀರಿನ ಪಾತ್ರೆ ಇಳಿಸೋಕೆ ಅವನು ಬರ್ಲಿ ಅಂತ ಕಾಯ್ತೀನಿ."

ಗಲ್ಲಣ್ಣನಿಗೆ ಕೂತುಕೊಳ್ಳಬೇಕೆನ್ನಿಸಿತು. ಕೂರಲಿಲ್ಲ.

ಬಚ್ಚಲಿಗೆ ಹೋಗಿ ದಾರ ಬಿಚ್ಚಿ, ಆಸಿಡ್ಡನ್ನೆಲ್ಲ ಮೋರಿಗೆ ಚೆಲ್ಲಿ ಮೇಲೆ ಎರಡು ಬಕೆಟ್ ನೀರು ಸುರಿದ. ಬುರುಡೆಯನ್ನು ಸೋಪು ಹಾಕಿ ಒಳಗೂ ಹೊರಗೂ ಆರು ಸಲ ತೊಳೆದ. ನೀರು ಜಾಡಿಸಿ, ಒರೆಸಿ, ತನ್ನ ಗಲ್ಲದ ಮುಂದೆ ಹಿಡಿದು ನೋಡಿದ. ಕತ್ತಿನಿಂದ ಒಂದು ಬೆರಳು ಕೆಳಗೆ, ಬೈತಲೆಯಲ್ಲಿ, ಹಿಂಡುವವರ ಹೆಬ್ಬೆರಳು ಕೂರುವ ಜಾಗದಲ್ಲಿಯೇ ತೂತು.

"ಅಮ್ಮಾ, ಕೆನ್ನೆ ಒದ್ದೆ ಮಾಡ್ಕೊಳ್ಳಿ. ಹೆದರ್ಬೇಡಿ, ಬರೀ ಗಾಳಿ."

ಮುದುಕಿ ಸೆರಗಿನ ತುದಿ ಒದ್ದೆ ಮಾಡಿ ಕೆನ್ನೆ ಒರೆಸಿಕೊಂಡಳು. ಗಲ್ಲಣ್ಣ ಬಾಯಿ ಮುಚ್ಚಿ, ಹಿಂಡಿ, ಮೆಲ್ಲಗೆ ಹಾಯಿಸಿದ. ಅವಳ ಕಣ್ಣು ಅಗಲವಾದವು.

"ಅಯ್ಯೋ! ತಣ್ಣಗೆ ತಾಕ್ತು!"

"ಅದೇ ತೂತು. ನಿಮ್ಮ ಕೈ ಸರಿಯಾಗಿದೆ ಅಮ್ಮ. ಎಷ್ಟು ಚೆನ್ನಾಗಿ ಹಿಡಿದಿದ್ರೂ ಅದು ಸೋರ್ತಿತ್ತು."

"ಇನ್ನೊಂದ್ಸಲ ಮಾಡು" ಎಂದಳು. ಮಾಡಿದ. ಮತ್ತೊಮ್ಮೆ ಎಂದಳು. ಮೂರು ಸಲ ನೋಡಿದ ಮೇಲೆ ತನ್ನ ಎರಡೂ ಕೈ ಮುಂದೆ ಚಾಚಿ, ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಕಳೆದುಹೋದ ಬಳೆ ಸಿಕ್ಕಿದವಳಂತೆ. ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಏನೋ ಹೊಳೆದು ನಿಂತಿತು.

"ಇದನ್ನ ನೋಡಿ ಕಳಿಸೋರು ಯಾರೂ ಇಲ್ವಾ ನಿಮ್ಮಲ್ಲಿ?"

"ಇದ್ದಾರೆ. ನಾನೇ."

ಅವನು ಗಡ್ಡದ ವಿಷಯ ಹೇಳಿದ. ಹೆಚ್ಚು ಉದ್ದ ಮಾಡಲಿಲ್ಲ. ಮೂರು ವಾರ ಗಡ್ಡ ಬಿಟ್ಟಿದ್ದೆ, ಗಾಳಿ ತಾಕಲಿಲ್ಲ, ನನಗೆ ಹೊಳೆಯಲಿಲ್ಲ ಎಂದ.

"ಯಾಕೆ ಬಿಟ್ಟಿದ್ದೆ?"

"ಹೆಂಡ್ತಿ ತೀರ್ಕೊಂಡ್ಳು."

ಮುದುಕಿ ಸೆರಗಿನಿಂದ ಕೆನ್ನೆಯ ಒದ್ದೆ ಒರೆಸಿಕೊಂಡಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆದುಕೊಂಡು ಹೋದರು.

"ಹೋಗ್ಲಿ ಬಿಡು ಅನ್ನೋಕೆ ಬಾಯಿ ಬರಲ್ಲಪ್ಪ" ಎಂದಳು ಕೊನೆಗೆ. "ಎರಡು ಬೆರಳು ಕೆಳಗೆ ಬಿದ್ದಿದ್ರೆ ಕಣ್ಣು."

"ಹೌದಮ್ಮ."

"ಆದ್ರೆ ನೀನು ಬರ್ದೇ ಇದ್ದಿದ್ರೆ ಸಾಯೋವರೆಗೂ ನಾನು ನನ್ನ ಕೈನೇ ಬೈಕೊಂಡಿರ್ತಿದ್ದೆ." ಒಂದು ಲೋಟ ನೀರು ತಂದು ಅವನ ಮುಂದೆ ಇಟ್ಟಳು. "ಕುಡಿ. ನಿಂತ್ಕೊಂಡೇ ಇದ್ದೀಯ ಆಗಿಂದ."

ಅವನು ನೀರು ಕುಡಿದು, ಅವಳನ್ನು ಬೀದಿಯ ತುದಿಯ ದವಾಖಾನೆಗೆ ಕರೆದುಕೊಂಡು ಹೋಗಿ ಹೆಬ್ಬೆರಳಿಗೆ ಔಷಧಿ ಹಾಕಿಸಿದ. ಆಮೇಲೆ ಇಬ್ಬರೂ ಮಗನ ಅಂಗಡಿಗೆ ಹೋದರು. ತಾಯಿ ಬೇಡವೆಂದಳು, ಗಲ್ಲಣ್ಣ ಕೇಳಲಿಲ್ಲ. ಬೀಗದವನು ಎಲ್ಲ ಕೇಳಿ, ಕೈಯಲ್ಲಿದ್ದ ಅರವನ್ನು ಮೇಜಿನ ಮೇಲೆ ಕುಕ್ಕಿದ.

"ನಿಮ್ಮ ದುಃಖ ನಿಮಗೆ. ಅದಕ್ಕೆ ನಮ್ಮಮ್ಮನ ಕಣ್ಣು ಯಾಕ್ರೀ ಬೇಕಿತ್ತು?"

ಗಲ್ಲಣ್ಣ ತಲೆ ತಗ್ಗಿಸಿ ನಿಂತ. ಬೀಗದವನು ಇನ್ನೂ ಎರಡು ಮಾತು ಅಂದ, ಅವೂ ನ್ಯಾಯವಾದವೇ. ತಾಯಿ ನಡುವೆ ಬಾಯಿ ಹಾಕಿ, "ಆಯ್ತು, ಅಂದ್ಯಲ್ಲ. ಇವತ್ತಿಂದ ಪಾತ್ರೆ ನಾನೇ ಇಳಿಸ್ತೀನಿ, ತಿಳೀತಾ?" ಎಂದಳು. ಪಾತ್ರೆಗೂ ಇದಕ್ಕೂ ಏನು ಸಂಬಂಧವೆಂದು ಮಗನಿಗೆ ತಿಳಿಯಲಿಲ್ಲ.

ಹೊರಡುವಾಗ ಗಲ್ಲಣ್ಣ ತೊಳೆದ ಬುರುಡೆಯನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಅವನು ಮೇಜಿನ ಮುಂದೆ ಕೂರಲಿಲ್ಲ. ಯಜಮಾನರ ಬಾಗಿಲಲ್ಲಿ ನಿಂತು, "ಇನ್ನು ಬೇರೆಯವರನ್ನ ಕೂರ್ಸಿ ಸಾರ್. ಗೋದಾಮಿಂದ ವಾಪಸು ಬರೋ ಮಾಲನ್ನ ನಾನು ಮುಟ್ಟಲ್ಲ" ಎಂದ.

"ಗಡ್ಡ ತೆಗೆದಾಯ್ತಲ್ಲ. ಇನ್ನೇನು?"

"ನಾಳೆ ಇನ್ನೇನೋ ಆಗುತ್ತೆ ಸಾರ್. ಚರ್ಮ ದಪ್ಪ ಆಗುತ್ತೆ, ವಯಸ್ಸಾಗುತ್ತೆ. ತಾಕ್ತಿಲ್ಲ ಅನ್ನೋದು ನನಗೆ ಗೊತ್ತಾಗೋದು ಹೇಗೆ? ತಾಕ್ದೇ ಇದ್ದದ್ದು ತಾಕ್ಲಿಲ್ಲ ಅಂತ ಹೇಳಲ್ಲ. ಇಷ್ಟು ದಿನ ಮನೇಲಿ ಒಬ್ರು ನೋಡ್ತಿದ್ರು."

ಯಜಮಾನರು ಕನ್ನಡಕ ಒರೆಸಿದರು. ಅವರ ಹತ್ತಿರ ಇದಕ್ಕೆ ಯಂತ್ರವಿರಲಿಲ್ಲ. ಬಾಗಿಲ ಹೊರಗೆ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ ಪ್ಯಾಕಿಂಗ್ ಅಕ್ಕ ಒಳಗೆ ಬಂದಳು. ಕದ್ದು ಕೇಳುತ್ತಿದ್ದಳೆಂದು ಯಾರೂ ಹೇಳುವಂತಿರಲಿಲ್ಲ, ಅವಳು ರಾಜಾರೋಷವಾಗಿಯೇ ಕೇಳುತ್ತಿದ್ದಳು.

"ಆ ಅಜ್ಜಿ ಮನೆಯಿಂದ ತಂದ ಬುರುಡೆ ಎಲ್ಲಿ?"

ಗಲ್ಲಣ್ಣ ಜೇಬಿನಿಂದ ತೆಗೆದು ಕೊಟ್ಟ. ಅಕ್ಕ ಅದನ್ನು ತಿರುಗಿಸಿ ನೋಡಿ, ಸೊಂಟದಿಂದ ಸೂಜಿ ತೆಗೆದು, ಬಾಯಿಯ ದಪ್ಪ ಅಂಚಿನ ಒಳಗಡೆ, ಹೊರಗೆ ತೂರದ ಹಾಗೆ ಕೆಂಪು ದಾರದ ಒಂದು ಹೊಲಿಗೆ ಹಾಕಿದಳು.

"ನಿಮ್ಮ ಕೆನ್ನೆ ನಾನು ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ನಮ್ಮನೆಯವರು ನನ್ನನ್ನ ಫೇಲು ಮಾಡ್ತಾರೆ" ಎಂದಳು. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. "ದಿನಾ ಬೆಳಿಗ್ಗೆ ಮೊದಲ ಟ್ರೇಯಲ್ಲಿ ಇದನ್ನ ಎಲ್ಲೋ ಸೇರಿಸಿ ಇಡ್ತೀನಿ. ನೀವು ಬಾಯಿ ಒಳಗೆ ನೋಡ್ಬಾರ್ದು. ಇದನ್ನ ಹುಡುಕಿ ತೆಗೆದ್ರೆ ಆ ದಿನ ಕೂತ್ಕೊಳ್ಳಿ. ತೆಗೀದಿದ್ರೆ ಎದ್ದು ಮನೆಗೆ ಹೋಗಿ. ಆಗ ನಾನು ಸುಮ್ನಿರಲ್ಲ, ನಿಮ್ಮ ಮುಖ ಹೇಗಾದ್ರೂ ಇರ್ಲಿ."

ಯಜಮಾನರು ಗಲ್ಲಣ್ಣನನ್ನು ನೋಡಿದರು. ಗಲ್ಲಣ್ಣ ಅಕ್ಕನ ಕೈಯಲ್ಲಿದ್ದ ಬುರುಡೆಯನ್ನು ನೋಡಿದ.

"ಸರಿ" ಎಂದ.

ತನ್ನ ಮೇಜಿನ ಹತ್ತಿರ ಹೋಗಿ ಅವನು ಗೋಡೆಯ ಕಡೆ ತಿರುಗಿ ನಿಂತ. ಹಿಂದೆ ಟ್ರೇಯಲ್ಲಿ ಬುರುಡೆಗಳು ಒಂದಕ್ಕೊಂದು ಉಜ್ಜುವ ಸದ್ದು. "ಆಯ್ತು" ಎಂದಳು ಅಕ್ಕ. ಅವನು ಬಂದು ಕೂತ. ಬಟ್ಟೆ ಅದ್ದಿ ಗಲ್ಲ ಒರೆಸಿಕೊಂಡ. ಮೊದಲನೆಯದು ಹಿಂಡಿದ, ಹಾಯಿಸಿದ, ಬಲಕ್ಕೆ ಇಟ್ಟ. ಎರಡನೆಯದು, ಐದನೆಯದು, ಒಂಬತ್ತನೆಯದು. ಅಚ್ಚಿನವನು ಅಚ್ಚು ಮುಚ್ಚುವುದನ್ನು ಮರೆತು ನೋಡುತ್ತಿದ್ದ. ಹದಿಮೂರನೆಯದೂ ಬಲಕ್ಕೆ ಹೋಯಿತು. ಟ್ರೇಯಲ್ಲಿ ಏಳು ಉಳಿದಿದ್ದವು. ಗಲ್ಲಣ್ಣ ಕೈ ಒರೆಸಿಕೊಂಡು, ಗಲ್ಲವನ್ನು ಮತ್ತೊಮ್ಮೆ ಒದ್ದೆ ಮಾಡಿಕೊಂಡ.

ಹದಿನೇಳನೆಯದನ್ನು ಕಿವಿಯ ಹತ್ತಿರದಿಂದ ಗದ್ದದ ಕಡೆಗೆ ಹಾಯಿಸುವಾಗ, ದವಡೆಯ ಕೆಳಗೆ, ತಣ್ಣಗೆ ತಾಕಿತು.

ಅವನು ಅದನ್ನು ಬುಟ್ಟಿಗೆ ಹಾಕಲಿಲ್ಲ. ಹಿಂದೆ ನಿಂತಿದ್ದ ಅಕ್ಕನ ಕಡೆಗೆ, ತಿರುಗಿ ನೋಡದೆ, ಚಾಚಿದ. ಅವಳು ತೆಗೆದುಕೊಂಡು ಬಾಯಿಯೊಳಗಿನ ಕೆಂಪು ದಾರ ನೋಡಿದಳು.

"ಪಾಸು" ಎಂದಳು.

ಗಲ್ಲಣ್ಣ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ಆಮೇಲೆ ಹದಿನೆಂಟನೆಯದನ್ನು ಕೈಗೆ ತೆಗೆದುಕೊಂಡ.